ಜೊಂಡಿನ ಪಿಕ್ಚರಿನ ಓನರ್ರು

ಬೇರೆಯವರು ಸೊಂಟದಲ್ಲಿ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡರೆ ನಮ್ಮ ಓನರ್ರು ಟೀವಿ ರಿಮೋಟು ಸಿಕ್ಕಿಸಿಕೊಳ್ಳುತ್ತಿದ್ದರು. ಅದಕ್ಕೊಂದು ಪ್ಲಾಸ್ಟಿಕ್ ಕವರು, ಕವರಿಗೆ ಎರಡು ರಬ್ಬರ್ ಬ್ಯಾಂಡು. ಬಿಳಿ ಪಂಚೆಯ ಮಡಿಕೆಯಿಂದ ಅದರ ಕೆಂಪು ಗುಂಡಿ ಮಾತ್ರ ಹೊರಗೆ ಇಣುಕುತ್ತಿತ್ತು. ಹಾಲು ತರಲು ಹೋಗುವಾಗಲೂ ಅದು ಅಲ್ಲೇ, ಸಂಪಿನ ಮುಚ್ಚಳ ತೆಗೆದು ನೀರು ಎಷ್ಟಿದೆ ಎಂದು ಬಗ್ಗಿ ನೋಡುವಾಗಲೂ ಅಲ್ಲೇ. ಒಂದು ಸಲ ಸಂಪಿಗೆ ಬಿದ್ದೂ ಬಿಟ್ಟಿತು. ಮೂರು ಮಹಡಿಯ ಜನ ಕುಡಿಯುವ ನೀರಿನಲ್ಲಿ ರಿಮೋಟು ತೇಲುತ್ತಿದೆ ಎಂದು ನಾನು ಕೂಗಾಡುತ್ತಿದ್ದರೆ, ಈ ಮಹಾರಾಯರು ಬಟ್ಟೆ ಒಣಗಿಸುವ ಕೋಲು ಹಿಡಿದು, "ಕವರ್ ಹಾಕಿದೀನಿ ಕಣಮ್ಮ, ಏನೂ ಆಗಿರಲ್ಲ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಅವರಿಗೆ ಚಿಂತೆ ಇದ್ದದ್ದು ರಿಮೋಟಿನದು.

ಹನ್ನೊಂದು ವರ್ಷ ನಾನು ಅವರ ಬಾಡಿಗೆ ಮನೆಯಲ್ಲಿದ್ದೆ. ಹನ್ನೊಂದು ವರ್ಷವೂ ಅವರು ನನ್ನ ತಲೆ ತಿಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಬರೆಯುವಾಗ ಅವರೊಬ್ಬ ದೇವತಾ ಮನುಷ್ಯ ಎಂದು ಶುರುಮಾಡುವ ಅಭ್ಯಾಸ ನನಗಿಲ್ಲ.

ನಾನೂ ನನ್ನ ಗಂಡನೂ ದಾವಣಗೆರೆಯವರು. ನನಗೆ ಜಯನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಕಚೇರಿಗೆ ಒಂದೇ ಬಸ್ಸಿನಲ್ಲಿ ಹೋಗುವಂತಿರಬೇಕು ಎಂದು ಕನಕಪುರ ರಸ್ತೆಯ ಉದ್ದಕ್ಕೂ ಮನೆ ಹುಡುಕಿ ಜರಗನಹಳ್ಳಿಗೆ ಬಂದಿದ್ದೆವು. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಓನರ್‌ಗಳು ಕೇಳುವ ಪ್ರಶ್ನೆಗಳು ಬಾಯಿಪಾಠವಾಗಿರುತ್ತವೆ. ಯಾವ ಊರು, ಯಾವ ಜನ, ಎಷ್ಟು ಜನ, ನಾನ್‌ವೆಜ್ ಮಾಡ್ತೀರಾ, ನೆಂಟರು ಜಾಸ್ತಿ ಬರ್ತಾರಾ. ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆವು. ಇವರು ಅದ್ಯಾವುದನ್ನೂ ಕೇಳಲಿಲ್ಲ. ಮನೆ ತೋರಿಸಿ, ಕೆಳಗೆ ಕರೆತಂದು, ಸೋಫಾ ತೋರಿಸಿದರು.

"ಕೂತ್ಕೊಳಿ ಮೇಡಂ. ಒಂದು ಪಿಕ್ಚರ್ ಐತೆ, ನೋಡ್ಬಿಡಿ. ಆಮೇಲೆ ಮಾತಾಡೋಣ."

"ಯಾವ ಪಿಕ್ಚರ್ ಸಾರ್?"

"ಚೈನಾದ್ದು. ಹಳೇದು. ಎರಡು ಗಂಟೆ ಅಷ್ಟೆ."

ಅಡುಗೆಮನೆಯಿಂದ ಅವರ ಹೆಂಡತಿ, ಅಂದರೆ ಮುಂದೆ ನಾವು ಆಂಟಿ ಎಂದು ಕರೆದವರು, "ಶುರುವಾಯ್ತು" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ನಾವು ತಮಾಷೆ ಎಂದುಕೊಂಡೆವು. ತಮಾಷೆಯಲ್ಲ. ಓನರ್ರು ಕಿಟಕಿಯ ಪರದೆ ಎಳೆದು, ಸೊಂಟದಿಂದ ರಿಮೋಟು ತೆಗೆದು, ಡಿಸ್ಕ್ ಹಾಕಿ ಕೂತರು.

ಕಪ್ಪುಬಿಳುಪು ಚಿತ್ರ. ಹೆಸರು ಚೀನೀ ಅಕ್ಷರದಲ್ಲಿ. ಮಾತೆಲ್ಲ ಚೀನೀ ಭಾಷೆ. ಕೆಳಗೆ ಇಂಗ್ಲಿಷ್ ಬರಹವೂ ಇಲ್ಲ. ಯಾವುದೋ ಯುದ್ಧಕಾಲ. ಆಳೆತ್ತರದ ಜೊಂಡು ಬೆಳೆದ ದೊಡ್ಡ ಜೌಗು ಪ್ರದೇಶ, ಅದರ ದಡದಲ್ಲೊಂದು ಹಳ್ಳಿ. ಪರದೇಶದ ಸೈನ್ಯ ಬರುತ್ತಿದೆ ಎಂದು ಗೊತ್ತಾದಾಗ ಊರಿನವರು ಧಾನ್ಯವನ್ನೆಲ್ಲ ದೋಣಿಯಲ್ಲಿ ಸಾಗಿಸಿ ಜೌಗಿನ ನಡುವಿನ ದಿಬ್ಬದಲ್ಲಿ ಬಚ್ಚಿಡುತ್ತಾರೆ. ಯಾರೂ ದಾರಿ ತೋರಿಸಬಾರದು ಎಂದು ಊರೆಲ್ಲ ಸೇರಿ ಮಾತಾಡಿಕೊಳ್ಳುತ್ತದೆ. ಆದರೆ ಜೊಂಡಿನ ಚಾಪೆ ಹೆಣೆಯುವ ಒಬ್ಬ ಬಡಕಲ ಮನುಷ್ಯ ಸೈನಿಕರ ಮುಂದೆ ಕೋಲು ಹಿಡಿದು ಹೊರಡುತ್ತಾನೆ. ಊರಿನವರು ಅವನ ಮನೆಯ ಮೇಲೆ ಕಲ್ಲು ಎಸೆಯುತ್ತಾರೆ. ಆಮೇಲೆ ಬರೀ ನಡಿಗೆ. ಮಂಜು, ಜೊಂಡು, ನೀರು. ನೀರು ಮೊಣಕಾಲಿಗೆ ಬರುತ್ತದೆ, ತೊಡೆಗೆ ಬರುತ್ತದೆ, ಎದೆಗೆ ಬರುತ್ತದೆ. ಆ ಮನುಷ್ಯ ಒಂದೇ ಒಂದು ಸಲ ಹಿಂದಿರುಗಿ ನೋಡುತ್ತಾನೆ. ಪರದೆಯ ತುಂಬ ಅವನ ಮುಖ. ನಂತರ ಅಲ್ಲಾಡುವ ಜೊಂಡು ಮಾತ್ರ. ಮುಗಿಯಿತು.

ಓನರ್ರು ಹಿಂದಕ್ಕೆ ಓಡಿಸಿ ಆ ಮುಖದ ಮೇಲೆ ಚಿತ್ರ ನಿಲ್ಲಿಸಿದರು. ಎದ್ದು ಹೋಗಿ, ರಿಮೋಟಿನ ತುದಿಯಿಂದ ಅವನ ಕಣ್ಣನ್ನು ಮುಟ್ಟಿ ತೋರಿಸಿದರು.

"ಈಗ ಹೇಳಿ. ಇವನು ಗೊತ್ತಿದ್ದೇ ಅವರನ್ನ ದಾರಿ ತಪ್ಪಿಸಿದ್ನಾ, ಇಲ್ಲ ಇವನೇ ದಾರಿ ತಪ್ಪಿದ್ನಾ?"

ನನ್ನ ಗಂಡ ಅರ್ಧ ಚಿತ್ರ ನಿದ್ದೆ ಮಾಡಿದ್ದರು. ಮನೆ ಸಿಗಲಿ ಎಂಬ ಆಸೆಯಲ್ಲಿ ಎದ್ದವರೇ, "ಗೊತ್ತಿದ್ದೇ ಮಾಡಿದಾನೆ ಸಾರ್. ದೇಶಭಕ್ತ" ಎಂದರು. ಓನರ್ರ ಮುಖ ಸಣ್ಣದಾಯಿತು. ನನಗೆ ಹೊಟ್ಟೆ ಹಸಿದು ಸಿಟ್ಟು ನೆತ್ತಿಗೇರಿತ್ತು. "ನನಗೇನು ಗೊತ್ತು ಸಾರ್? ಆ ಮಂಜಿನಲ್ಲಿ ಯಾರಿಗೆ ದಾರಿ ಕಾಣುತ್ತೆ? ಅವನಿಗೂ ಗೊತ್ತಿರಲಿಲ್ಲವೇನೋ" ಎಂದೆ.

"ನಿಮಗೆ ಮನೆ ಕೊಟ್ಟೆ ಮೇಡಂ" ಎಂದರು ಓನರ್ರು. ಆಂಟಿ ಉಪ್ಪಿಟ್ಟು ತಂದಿಟ್ಟು, "ತಿನ್ನಮ್ಮ ತಿನ್ನು. ಆ ಚೈನಾದವನು ಮುಳುಗೋದನ್ನ ನೋಡೀ ನೋಡೀ ನಾನೇ ಅರ್ಧ ಮುಳುಗಿದೀನಿ" ಎಂದರು.

ಒಂದು ಸಲಕ್ಕೆ ಮುಗಿಯುವ ಪೀಡೆ ಇದಲ್ಲ ಎಂದು ತಿಳಿಯಲು ನನಗೆ ತಿಂಗಳು ಬೇಕಾಗಲಿಲ್ಲ. ಮೋಟರ್ ಕೆಟ್ಟು ನೀರಿಲ್ಲ ಎಂದು ದೂರು ಹೇಳಲು ಹೋದರೆ, "ಅವರಿಗೆ ಎದೆಮಟ್ಟ ನೀರಿತ್ತು, ನಿಮಗೆ ಬಕೆಟ್ ನೀರಿಲ್ಲ, ನೋಡಿ ಹೆಂಗೈತೆ ಪ್ರಪಂಚ" ಎನ್ನುತ್ತಿದ್ದರು. ಬಚ್ಚಲ ಗೋಡೆ ಸೋರುತ್ತಿದೆ ಎಂದರೆ, ಪ್ಲಂಬರನ್ನು ಕರೆಸುತ್ತಿದ್ದರು ನಿಜ, ಆದರೆ ಆ ಪ್ಲಂಬರನಿಗೂ ಚಿತ್ರದ ಕೊನೆಯ ಹತ್ತು ನಿಮಿಷ ತೋರಿಸಿ ಅಭಿಪ್ರಾಯ ಕೇಳುತ್ತಿದ್ದರು. ಪ್ಲಂಬರ್ ಪೈಪು ಕೈಯಲ್ಲಿ ಹಿಡಿದುಕೊಂಡೇ, "ದುಡ್ಡು ಇಸ್ಕೊಂಡಿರ್ತಾನೆ ಸಾರ್" ಎಂದಿದ್ದ. ಅವನನ್ನು ಮತ್ತೆ ಕರೆಸಲಿಲ್ಲ. ಅವನಷ್ಟು ಚೆನ್ನಾಗಿ ಕೆಲಸ ಮಾಡುವ ಪ್ಲಂಬರ್ ನಮಗೆ ಮತ್ತೆ ಸಿಗಲೂ ಇಲ್ಲ.

ಮೇಲಿನ ಮನೆಗೆ ಬಂದು ಹೋದ ಬಾಡಿಗೆದಾರರೆಲ್ಲ ಈ ಪರೀಕ್ಷೆ ಬರೆದವರೇ. ಯಾರಿಗೂ ಇದರ ಕಾರಣ ಗೊತ್ತಿರಲಿಲ್ಲ. ನಾನು ಮಾತ್ರ ಒಂದನ್ನು ಗಮನಿಸಿದ್ದೆ. 'ಗೊತ್ತಿದ್ದೇ ಮಾಡಿದ' ಎಂದವರ ಎದುರು ಓನರ್ರು ಮಾತು ಮುಗಿಸಿಬಿಡುತ್ತಿದ್ದರು. 'ಗೊತ್ತಿರಲಿಲ್ಲ' ಎಂದವರಿಗೆ ಕಾಫಿ ಕೊಡಿಸಿ, "ಅದು ಹೆಂಗೆ ಹೇಳ್ತೀರಿ? ಅವನ ಮುಖದಲ್ಲಿ ಏನು ಕಾಣ್ತು?" ಎಂದು ಕೆದಕುತ್ತಿದ್ದರು. ಉತ್ತರ ಎಷ್ಟು ಕೇಳಿದರೂ ಅವರಿಗೆ ತೃಪ್ತಿಯಿಲ್ಲ. ಡಿಸ್ಕ್ ಸವೆದಾಗ ಯಾರೋ ಬಾಡಿಗೆದಾರ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಲಾಕ್‌ಡೌನ್ ಬಂದಾಗ ಕೇಳಬೇಡಿ. ಬಾಗಿಲು ದಾಟಿ ಹೋಗುವಂತಿಲ್ಲ, ಕೆಳಗೆ ಓನರ್ರು, ಅವರ ಸೊಂಟದಲ್ಲಿ ರಿಮೋಟು.

ಈ ಚಿತ್ರ ಅವರಿಗೆ ಎಲ್ಲಿ ಸಿಕ್ಕಿತು ಎಂದರೆ, ಹರೆಯದಲ್ಲಿ ಅವರು ಜಯನಗರಕ್ಕೆ ಸೈಕಲ್ಲಿನಲ್ಲಿ ಹಾಲು ಹಾಕುತ್ತಿದ್ದರಂತೆ. ಅಲ್ಲಿ ಶಾಲೆಯೊಂದರ ಹಾಲ್‌ನಲ್ಲಿ ಯಾರೋ ಸಿನಿಮಾ ಹುಚ್ಚಿನವರು ಪರದೇಶದ ಚಿತ್ರ ತೋರಿಸುತ್ತಿದ್ದರು. ಟೀಗೆ ಹಾಲು ಕೊಡಲು ಹೋದ ಇವರು ಬಾಗಿಲ ಹತ್ತಿರ ಖಾಲಿ ಕ್ಯಾನ್ ಹಿಡಿದು ನಿಂತು ಪೂರ್ತಿ ನೋಡಿದರು. "ಮುಗಿದ ಮೇಲೆ ಅಲ್ಲಿದ್ದೋರೆಲ್ಲ ಇಂಗ್ಲಿಷಲ್ಲಿ ಜಗಳ ಆಡಿದ್ರು. ಕೊನೆಗೆ ಏನಂತ ತೀರ್ಮಾನ ಆಯ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ" ಎಂದು ಇಷ್ಟು ವರ್ಷದ ಮೇಲೂ ಕೊರಗುತ್ತಿದ್ದರು. ಡಿಸ್ಕ್ ಮಾತ್ರ ಎಷ್ಟೋ ವರ್ಷದ ಮೇಲೆ ಫುಟ್‌ಪಾತಿನಲ್ಲಿ, ಕವರಿನ ಮೇಲೆ ಆ ಮುಖ ನೋಡಿ ಕೊಂಡದ್ದಂತೆ.

ಇದೇ ಮನುಷ್ಯರು ನಮ್ಮ ಏರಿಯಾದಲ್ಲಿ ದೊಡ್ಡ ಹೀರೋ ಎಂಬುದು ನನಗೆ ಅವರ ಬಾಯಿಂದ ಗೊತ್ತಾದದ್ದಲ್ಲ. ಜರಗನಹಳ್ಳಿ ಹಳ್ಳಿಯಾಗಿದ್ದಾಗ ರಾಗಿ ಒಕ್ಕಣೆ ಮಾಡುತ್ತಿದ್ದ ಕಣ ಈಗಲೂ ಉಳಿದಿದೆ. ಸುತ್ತ ನಾಲ್ಕು ಮಹಡಿಯ ಕಟ್ಟಡಗಳು, ನಡುವೆ ಮಾರಮ್ಮನ ಸಣ್ಣ ಗುಡಿ, ಅದರ ಮುಂದೆ ಕಾರು ನಿಲ್ಲಿಸುವಷ್ಟು ಖಾಲಿ ಜಾಗ. ನಾಮಕರಣವೋ ಬೀಗರೂಟವೋ ಅಲ್ಲೇ ಶಾಮಿಯಾನ ಹಾಕುತ್ತಾರೆ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಗುಡಿಯ ಕಮಿಟಿಯವರು ಅಲ್ಲಿ ಅನ್ನದಾನ ಮಾಡುತ್ತಾರೆ. ಆ ದಿನ ಮೊದಲ ಹಾರ ನಮ್ಮ ಓನರ್ರಿಗೆ. ಕಮಿಟಿ ಅಧ್ಯಕ್ಷರು ಮೈಕಿನಲ್ಲಿ ಹೇಳುವ ಕಥೆಯೂ ಪ್ರತಿ ವರ್ಷ ಒಂದೇ. ಬಡಾವಣೆ ಮಾಡಲು ಜಮೀನು ತೆಗೆದುಕೊಳ್ಳುವಾಗ ಸರ್ವೆಯವರು ಬಂದರು. ಯಾರೂ ಬಾಂದುಕಲ್ಲು ತೋರಿಸಬಾರದು, ಗಡಿ ಗೊತ್ತಾಗದೆ ವಾಪಸು ಹೋಗಲಿ ಎಂದು ಊರೆಲ್ಲ ತೀರ್ಮಾನಿಸಿತ್ತು. ಆಗ ಇಪ್ಪತ್ತರ ಹುಡುಗನಾಗಿದ್ದ ಇವರು ಸರ್ವೆಯವರ ಜೊತೆ ಹೊರಟರು. ಊರು ಉಗಿಯಿತು. ಆದರೆ ನಕ್ಷೆ ಬಂದಾಗ ನೋಡಿದರೆ ಕಣ ಬಡಾವಣೆಯ ಗೆರೆಯಿಂದ ಹೊರಗುಳಿದಿತ್ತು. ಹುಡುಗ ಬೇಕೆಂದೇ ಬೇರೆ ಕಲ್ಲು ತೋರಿಸಿ, ಸರ್ಕಾರದವರ ಕಣ್ಣಿಗೆ ಮಣ್ಣೆರಚಿ, ಅಮ್ಮನ ಗುಡಿ ಉಳಿಸಿದ್ದ! ಚಪ್ಪಾಳೆ. ಓನರ್ರು ಹಾರ ಹಾಕಿಸಿಕೊಂಡು ತಲೆ ತಗ್ಗಿಸಿ ಕೂರುತ್ತಿದ್ದರು. ನಾನು ಅದನ್ನು ವಿನಯ ಎಂದುಕೊಂಡಿದ್ದೆ.

ಅಲ್ಲಿಗೆ ಎಂದೂ ಬಾರದವರು ಒಬ್ಬರೇ, ಅವರ ಅಣ್ಣ. ಅಣ್ಣನ ಮನೆ ನಮ್ಮ ಬಿಲ್ಡಿಂಗಿನ ಪಕ್ಕದ್ದೇ. ನಡುವೆ ಒಂದು ಕಾಂಪೌಂಡ್ ಗೋಡೆ. ಅಣ್ಣತಮ್ಮಂದಿರು ಮಾತು ಬಿಟ್ಟು ನಲವತ್ತು ವರ್ಷವಾಗಿತ್ತು. ಕರಿಬೇವು, ಇಡ್ಲಿ ಹಿಟ್ಟು, ಸಾವಿನ ಸುದ್ದಿ ಎಲ್ಲ ಆ ಗೋಡೆಯ ಮೇಲೆ ಹೆಂಗಸರ ಕೈಯಿಂದ ಕೈಗೆ ದಾಟುತ್ತಿತ್ತು. ಗಂಡಸರು ಮಾತ್ರ ಬೆಳಿಗ್ಗೆ ಒಂದೇ ಹೊತ್ತಿಗೆ ಗೇಟಿನ ಮುಂದೆ ನಿಂತು, ಒಬ್ಬರು ಕನಕಪುರ ರಸ್ತೆಯ ಕಡೆಗೆ, ಇನ್ನೊಬ್ಬರು ಅದರ ವಿರುದ್ಧ ದಿಕ್ಕಿಗೆ ಮುಖ ಮಾಡಿ ಹಲ್ಲುಜ್ಜುತ್ತಿದ್ದರು. ಕಾರಣ ಕೇಳಿದರೆ ಆಂಟಿ, "ಜಮೀನು ವಿಷ್ಯ ಕಣಮ್ಮ" ಎಂದು ಮುಗಿಸುತ್ತಿದ್ದರು.

ಎರಡು ವರ್ಷದ ಹಿಂದೆ ನನ್ನ ತಾಳ್ಮೆ ಮುಗಿಯಿತು. ನಮ್ಮ ಅತ್ತೆ ಊರಿಂದ ಬಂದಿದ್ದರು. ಓನರ್ರು ಅವರನ್ನೂ ಸೋಫಾದ ಮೇಲೆ ಕೂರಿಸಿ ಎರಡು ಗಂಟೆ ಜೊಂಡು ತೋರಿಸಿದರು. ಅತ್ತೆ ಮೇಲೆ ಬಂದು, "ಇದೆಂಥ ಮನಿ ಹಿಡದೀರಿ ನೀವು?" ಎಂದು ಕೇಳಿದರು. ಇದಕ್ಕೊಂದು ಕೊನೆ ಹಾಡಲೇಬೇಕು ಎಂದು ಕೆಳಗೆ ಹೋಗಿ, ಚಿತ್ರದ ಹೆಸರು ಬರುವ ಜಾಗದಲ್ಲಿ ನಿಲ್ಲಿಸಲು ಹೇಳಿ, ಮೊಬೈಲಿನಲ್ಲಿ ಫೋಟೋ ಹೊಡೆದೆ. ಆ ಚೀನೀ ಅಕ್ಷರಗಳನ್ನು ಓದಿ ಹೇಳುವ ಸೌಲಭ್ಯ ಮೊಬೈಲಿನಲ್ಲೇ ಇತ್ತು. ಹೆಸರು ಸಿಕ್ಕ ಮೇಲೆ ಕೆಳಗೆ ಇಂಗ್ಲಿಷ್ ಬರಹ ಇರುವ ಪ್ರತಿ ಸಿಗಲು ಹದಿನೈದು ನಿಮಿಷ ಸಾಕಾಯಿತು. ಇಷ್ಟು ವರ್ಷ ಈ ಕೆಲಸ ಮಾಡದೆ ಉಪ್ಪಿಟ್ಟು ತಿನ್ನುತ್ತ ಕೂತಿದ್ದ ನನ್ನ ಬುದ್ಧಿಗೆ ಏನು ಹೇಳಲಿ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆವು. ಬರಹ ಬಂದಂತೆ ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಓನರ್ರು ಶಾಲೆಗೆ ಸೇರಿದ ಮೊದಲ ದಿನದ ಹುಡುಗನ ಹಾಗೆ ಕೈಕಟ್ಟಿ ಕೂತಿದ್ದರು. ಚಾಪೆ ಹೆಣೆಯುವವನು ಸೈನಿಕರ ಜೊತೆ ಹೊರಡುವ ಮೊದಲು ಮನೆಯಲ್ಲಿ ಹೆಂಡತಿಯೊಂದಿಗೆ ಒಂದು ನಿಮಿಷದ ಮಾತಿದೆ. ಬಾಗಿಲಲ್ಲಿ ನಿಂತು ಅವನು ಹುಲ್ಲಿನ ಚಪ್ಪಲಿ ಕಳಚುತ್ತಾನೆ, ಅವಳು ಏನೋ ಅನ್ನುತ್ತಾಳೆ. ಇಷ್ಟು ವರ್ಷ ಓನರ್ರು ಅದನ್ನು ಗಂಡಹೆಂಡಿರ ಜಗಳ ಎಂದೇ ತಿಳಿದಿದ್ದರು. ನಾನು ಓದಿದೆ. "ಈ ಚಪ್ಪಲಿ ಹೊಸದು. ಮಗ ದೊಡ್ಡವನಾದ ಮೇಲೆ ಅವನಿಗೆ ಕೊಡು. ನಾನು ಹೋಗುವ ಕಡೆ ಇದು ಬೇಕಾಗುವುದಿಲ್ಲ."

ನನಗೆ ಎಂಥ ಖುಷಿ! ಎದ್ದು ನಿಂತು, "ನೋಡಿ ಅಂಕಲ್, ಸಿಕ್ತಲ್ಲ ಉತ್ತರ! ಅವನಿಗೆ ಎಲ್ಲ ಗೊತ್ತಿತ್ತು. ಸಾಯೋದಕ್ಕೇ ಹೊರಟಿದ್ದ. ಗೊತ್ತಿದ್ದೇ ದಾರಿ ತಪ್ಪಿಸಿದ, ಸರ್ವೆಯವರನ್ನ ನೀವು ತಪ್ಪಿಸಿದ ಹಾಗೇ!" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. "ಇನ್ನೊಂದ್ಸಲ ಓದಮ್ಮ" ಎಂದರು. ಓದಿದೆ. "ಇನ್ನೊಂದ್ಸಲ." ಓದಿದೆ. ಆಮೇಲೆ ಟೀವಿ ಆರಿಸಿ ಎದ್ದು ಹೋದರು. ಕೊನೆಯ ದೃಶ್ಯ ನೋಡದೆ ಅವರು ಎದ್ದು ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹತ್ತು ದಿನ ಅವರು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ರಿಮೋಟು ಟೀವಿಯ ಪಕ್ಕದಲ್ಲೇ ಬಿದ್ದಿತ್ತು. ಪೀಡೆ ತೊಲಗಿತು ಎಂದು ನಾನು ಸಂತೋಷಪಡಬೇಕಿತ್ತು, ಆದರೆ ಮೆಟ್ಟಿಲಿಳಿಯುವಾಗಲೆಲ್ಲ ಅವರ ಬಾಗಿಲ ಕಡೆಗೆ ಕಣ್ಣು ಹೋಗುತ್ತಿತ್ತು. ಹನ್ನೊಂದನೆಯ ದಿನ ಟೆರೇಸಿನ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ಮೇಲೆ ಬಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು.

"ನಂಗೆ ಕಲ್ಲು ಗೊತ್ತಿರ್ಲಿಲ್ಲ ಕಣಮ್ಮ."

"ಯಾವ ಕಲ್ಲು ಅಂಕಲ್?"

"ಬಾಂದುಕಲ್ಲು. ನಾನು ಯಾವತ್ತು ಹೊಲದ ಕಡೆ ಹೋಗಿದ್ದೆ? ಉಳೋದು ಬಿತ್ತೋದು ಎಲ್ಲ ಅಣ್ಣಂದು. ನಂದು ಹಾಲು, ಸೈಕಲ್ಲು, ಪ್ಯಾಂಟು. ಸರ್ವೆಯವರತ್ರ ಮೂರು ಕಾಲಿಂದು ಒಂದು ದುರ್ಬೀನು ಇತ್ತು. ಅದರಲ್ಲಿ ಒಂದ್ಸಲ ನೋಡ್ಬೇಕು ಅಂತ ಆಸೆ. ಅದಕ್ಕೇ ಹೋಗಿದ್ದು. ಅಷ್ಟೆ. ನೋಡೋಕೆ ಬಿಟ್ರು. ಅದರಲ್ಲಿ ಊರೆಲ್ಲ ತಲೆಕೆಳಗಾಗಿ ಕಾಣುತ್ತೆ ಗೊತ್ತಾ? ಗುಡಿ ಮೇಲೆ ಕೆಳಗೆ, ಹುಣಸೆ ಮರ ಮೇಲೆ ಕೆಳಗೆ. ನೋಡೀ ನೋಡೀ ತಲೆ ಗಿರ್ ಅಂತು. ಈಗ ಕಲ್ಲು ತೋರ್ಸು ಅಂದ್ರು. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಒಂದು ಕಲ್ಲು ಕಾಣ್ತು, ತೋರಿಸ್ದೆ."

ತೋರಿಸಬೇಕಾಗಿದ್ದದ್ದು ಕಣದ ಆಚೆಗಿನ ಕಲ್ಲು, ಇವರು ತೋರಿಸಿದ್ದು ಈಚೆಗಿನದು. ಅದರಿಂದ ಗೆರೆ ವಾಲಿತು. ವಾಲಿದ ಗೆರೆ ಒಂದು ಕಡೆ ಕಣವನ್ನು ಹೊರಗೆ ಬಿಟ್ಟು, ಇನ್ನೊಂದು ಕಡೆ ಅಣ್ಣನ ಪಾಲಿಗೆ ಬಂದಿದ್ದ ಬಾವಿಯ ಜಮೀನನ್ನು ಒಳಗೆ ಎಳೆದುಕೊಂಡಿತು. ಹದಿನಾಲ್ಕು ಸೀಬೆ ಮರ ಇದ್ದ ಜಮೀನು, ಅಣ್ಣ ತನ್ನ ಕೈಯಾರೆ ತೋಡಿದ ಬಾವಿ. ಊರಿನವರು ತಮ್ಮನನ್ನು ಹೆಗಲ ಮೇಲೆ ಹೊತ್ತು ಕುಣಿದಾಗ ಅಣ್ಣ ಕೇಳಿದ್ದು ಒಂದೇ ಮಾತಂತೆ. "ಗೊತ್ತಿದ್ದೇ ಮಾಡಿದ್ಯಾ?"

"ಏನಂತ ಹೇಳ್ಲಿ?" ಓನರ್ರು ನನ್ನನ್ನೇ ಕೇಳಿದರು. "ಗೊತ್ತಿದ್ದೇ ಮಾಡ್ದೆ ಅಂದ್ರೆ ಅಣ್ಣನ ಬಾವಿ ನಾನೇ ಕೊಟ್ಟಂಗಾಯ್ತು. ಗೊತ್ತಿರ್ಲಿಲ್ಲ ಅಂದ್ರೆ ಊರ ಮುಂದೆ ಪೆದ್ದ ಆದೆ. ಆಗಷ್ಟೇ ಹಾರ ಹಾಕಿದ್ರು. ಸುಮ್ಮನಿದ್ಬಿಟ್ಟೆ. ಆಮೇಲೆ ಜಯನಗರದಲ್ಲಿ ಈ ಪಿಕ್ಚರ್ ನೋಡ್ದೆ. ಇವನೂ ನನ್ನಂಗೆ ದಾರಿ ತಪ್ಪಿರ್ಬೇಕು, ಸತ್ತ ಮೇಲೆ ಜನ ಹೀರೋ ಅಂದಿರ್ಬೇಕು ಅಂದ್ಕೊಂಡೆ. ಇಷ್ಟು ವರ್ಷ ಅವನು ಜೊತೆಗಿದ್ದಾನೆ ಅಂತಿದ್ದೆ ಕಣಮ್ಮ. ಅವನು ತಿಳಿದೇ ಹೋದೋನು. ಅವನು ಬೇರೆ, ನಾನು ಬೇರೆ."

ನನಗೆ ಮರುಕ ಬಂದದ್ದು ಆಮೇಲೆ. ಮೊದಲು ಬಂದದ್ದು ಸಿಟ್ಟು. ಒಂದು ಮಾತು, ಒಂದೇ ಒಂದು ಮಾತು, ಹತ್ತಡಿ ಆಚೆ ಇರುವ ಅಣ್ಣನಿಗೆ ಹೇಳುವುದನ್ನು ಬಿಟ್ಟು ಈ ಮನುಷ್ಯ ಊರಿನ ಪ್ಲಂಬರುಗಳಿಗೆಲ್ಲ ಚೀನಾದ ಸಿನಿಮಾ ತೋರಿಸುತ್ತ ಕೂತಿದ್ದರಲ್ಲ! "ಇದನ್ನ ಹೋಗಿ ಅವರಿಗೆ ಹೇಳಿ ಅಂಕಲ್. ಈಗಲೇ" ಎಂದೆ. "ನೀನೂ ಬಾ" ಎಂದರು. ಹಿಟ್ಟಿನ ಕೈಯಲ್ಲೇ ಹೋದೆ.

ಅಣ್ಣ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಇನ್ನೂ ನೆಟ್ಟಗೆ. ಗೇಟಿನ ಹೊರಗೆ ನಿಂತು ಓನರ್ರು ಎಲ್ಲ ಹೇಳಿದರು. ಪ್ಯಾಂಟು, ದುರ್ಬೀನು, ತಲೆಕೆಳಗಾದ ಗುಡಿ. "ನಂಗೆ ಗೊತ್ತಿರ್ಲಿಲ್ಲ ಅಣ್ಣ. ಆಣೆಗೂ ಗೊತ್ತಿರ್ಲಿಲ್ಲ."

ಅಣ್ಣ ಪೈಪು ನಿಲ್ಲಿಸಲಿಲ್ಲ. ದಾಸವಾಳದ ಬುಡದಲ್ಲಿ ನೀರು ತುಂಬಿ ರಸ್ತೆಗೆ ಹರಿಯತೊಡಗಿತು. "ಇದನ್ನ ಈ ಗೇಟತ್ರ ಯಾಕೆ ಹೇಳ್ತೀಯ?" ಎಂದರು, ಗಿಡವನ್ನೇ ನೋಡುತ್ತ. "ಎಲ್ಲಿ ಹಾರ ಹಾಕಿಸ್ಕೊಂಡ್ಯೋ ಅಲ್ಲಿ ಹೇಳು." ಒಳಗೆ ಹೋದರು.

ಯುಗಾದಿ ಬರುವವರೆಗೆ ಓನರ್ರಿಗೆ ನಿದ್ದೆಯಿಲ್ಲ, ಅವರಿಂದಾಗಿ ಆಂಟಿಗೂ ಇಲ್ಲ. "ಹೇಳ್ಬಿಡ್ರೀ, ಏನು ಆಕಾಶ ಬಿದ್ದೋಗುತ್ತೆ" ಎಂದು ಆಂಟಿ ದಿನಾ ಗದರುತ್ತಿದ್ದರು. ಕೊನೆಗೆ ಅನ್ನದಾನದ ದಿನ ಬಂತು. ಅಧ್ಯಕ್ಷರು ಎಂದಿನ ಕಥೆ ಹೇಳಿ ಹಾರ ಹಿಡಿದು ಬಂದಾಗ ಓನರ್ರು ಅದನ್ನು ಕೈಯಲ್ಲೇ ತಡೆದು ಮೈಕು ಇಸಿದುಕೊಂಡರು. ನಾನು ಊಟದ ಸಾಲಿನ ಹತ್ತಿರ ನಿಂತಿದ್ದೆ. ಎಲ್ಲಕ್ಕಿಂತ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಲವತ್ತು ವರ್ಷದಲ್ಲಿ ಮೊದಲ ಸಲ, ಅಣ್ಣ ಬಂದು ಕೂತಿದ್ದರು.

"ಇದೆಲ್ಲ ಸುಳ್ಳು" ಎಂದರು ಓನರ್ರು. "ನಾನು ಯಾವ ಜಾಣತನನೂ ಮಾಡ್ಲಿಲ್ಲ. ನಂಗೆ ಕಲ್ಲೇ ಗೊತ್ತಿರ್ಲಿಲ್ಲ. ತಪ್ಪು ತೋರಿಸ್ದೆ. ಕಣ ಉಳೀತು, ನಮ್ಮಣ್ಣನ ಬಾವಿ ಹೋಯ್ತು. ಅದಕ್ಕೆ ನಂಗೆ ಹಾರ ಬೇಡ."

ಅಧ್ಯಕ್ಷರು ಮೈಕು ವಾಪಸು ತೆಗೆದುಕೊಂಡರು. "ನೋಡಿ ಬಂಧುಗಳೇ! ಇಂಥ ದೊಡ್ಡ ಕೆಲಸ ಮಾಡಿ, ನಾನೇನೂ ಮಾಡ್ಲಿಲ್ಲ ಅಂತಾರೆ. ಇದಕ್ಕಿಂತ ದೊಡ್ಡ ಗುಣ ಉಂಟಾ?" ಎಂದರು. ಶಾಮಿಯಾನ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಹಾರದ ಜೊತೆಗೆ ಆ ವರ್ಷ ಶಾಲು ಬೇರೆ ಹೊದಿಸಿದರು. ಓನರ್ರು, "ಅಯ್ಯೋ ಕೇಳ್ರಪ್ಪ, ನಿಜವಾಗ್ಲೂ" ಎನ್ನುತ್ತಿದ್ದದ್ದು ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನನಗೆ ಸೌಟು ಕಸಿದುಕೊಂಡು ಆ ಅಧ್ಯಕ್ಷರ ತಲೆಗೆ ಹಾಕಬೇಕು ಎನಿಸಿತು. ತಿರುಗಿ ನೋಡಿದರೆ ಹಿಂದಿನ ಕುರ್ಚಿ ಖಾಲಿಯಾಗಿತ್ತು.

ಅಲ್ಲಿಂದ ಅವರ ಪ್ರಶ್ನೆ ಬದಲಾಯಿತು. ಚಾಪೆಯವನ ವಿಷಯ ಬಿಟ್ಟೇ ಬಿಟ್ಟರು. "ಅಣ್ಣ ನಂಬಿದ್ನೇನಮ್ಮ?" ದಿನಾ ಇದೇ. ಕಚೇರಿಗೆ ಹೊರಟರೆ ಗೇಟಿನಲ್ಲಿ, ಬಂದರೆ ಮೆಟ್ಟಿಲಲ್ಲಿ. "ಊಟ ಮಾಡ್ದೆ ಎದ್ದು ಹೋದ್ನಲ್ಲ, ನಂಬ್ಲಿಲ್ಲ ಅಂತಾನಾ? ಇಲ್ಲ ನಂಬಿದ್ದಕ್ಕೇ ಎದ್ದು ಹೋದ್ನಾ?" ಮೊದಮೊದಲು ಸಮಾಧಾನ ಹೇಳಿದೆ. ಆಮೇಲೆ ರೇಗಿದೆ. "ಪಕ್ಕದ ಮನೆ ಅಂಕಲ್, ಹೋಗಿ ಅವರನ್ನೇ ಕೇಳಿ" ಎಂದೆ. "ಅವನೇ ಹೇಳ್ಬೇಕು ಕಣಮ್ಮ, ನಾನು ಕೇಳಬಾರ್ದು" ಎಂದರು. ಒಂದು ದಿನ ಬಸ್ಸಿಗೆ ತಡವಾಗಿತ್ತು, ಅವರು ಬಾಯಿ ತೆರೆಯುವ ಮೊದಲೇ "ನನಗೆ ಗೊತ್ತಿಲ್ಲ!" ಎಂದು ಕಿರುಚಿ ಹೋಗಿಬಿಟ್ಟೆ. ಅವರು ಅವತ್ತು ಕೇಳಲು ಬಂದದ್ದು ಮೋಟರ್ ಸರಿಯಾಯಿತಾ ಎಂದು ಮಾತ್ರವಂತೆ. ಆಂಟಿ ಸಂಜೆ ಹೇಳಿದರು.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಗೇಟಿನ ಮುಂದೆ ಹಲ್ಲುಜ್ಜುತ್ತ ನಿಂತಿದ್ದವರು ಹಾಗೇ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಕಡೆ ಸಾವಿನ ಸುದ್ದಿಗಿಂತ ಮೊದಲು ಫ್ಲೆಕ್ಸ್ ಬರುತ್ತದೆ. ಹತ್ತು ಗಂಟೆಗೆಲ್ಲ ಕಮಿಟಿಯವರು ಆಳೆತ್ತರದ ಫ್ಲೆಕ್ಸ್ ತಂದು ಗೇಟಿಗೆ ಕಟ್ಟಿದರು. ಹಾರ ಹಾಕಿಕೊಂಡ ಓನರ್ರ ಫೋಟೋ, ಕೆಳಗೆ ಹಳದಿ ಅಕ್ಷರದಲ್ಲಿ 'ತಮ್ಮ ಜಾಣ್ಮೆಯಿಂದ ಊರಿನ ಕಣ ಉಳಿಸಿದ ಧೀರರಿಗೆ ಭಾವಪೂರ್ಣ ಶ್ರದ್ಧಾಂಜಲಿ'. ಜನ ಕೈಮುಗಿದು ಒಳಗೆ ಹೋಗುತ್ತಿದ್ದರು. ಅಣ್ಣ ಬಂದರು. ಫ್ಲೆಕ್ಸಿನ ಮುಂದೆ ನಿಂತು, ಕನ್ನಡಕ ತಂದಿಲ್ಲ, ಏನು ಬರೆದಿದೆ ಓದಮ್ಮ ಎಂದು ನನ್ನನ್ನು ಕೇಳಿದರು. ಓದಿದೆ.

"ಸುಳ್ಳು" ಎಂದರು.

ಅಧ್ಯಕ್ಷರು ಹತ್ತಿರ ಬಂದು, "ಯಜಮಾನ್ರೇ, ಈ ಹೊತ್ತಲ್ಲಿ ಹಳೇದೆಲ್ಲ ಯಾಕೆ" ಎಂದರು.

"ಈ ಹೊತ್ತಲ್ಲೇ ಬೇಕು. ನನ್ನ ತಮ್ಮಂಗೆ ಕಲ್ಲು ಗೊತ್ತಿರ್ಲಿಲ್ಲ. ತಪ್ಪು ಕಲ್ಲು ತೋರಿಸ್ದ. ನನ್ನ ಬಾವಿ ಅವನು ಕೊಡ್ಲಿಲ್ಲ. ಅವನೇ ನಿಮ್ಮೆಲ್ಲರ ಮುಂದೆ ಮೈಕಲ್ಲಿ ಹೇಳಿದಾನೆ, ನಿಮಗೆ ಕಿವಿ ಇಲ್ವಾ? ಅಳಿಸ್ರಯ್ಯ ಅದನ್ನ!"

ಯಾರೂ ಅಲುಗದಿದ್ದಾಗ ಆ ಮುದುಕ ತಾವೇ ಹೆಗಲ ಮೇಲಿನ ಟವೆಲ್ ತೆಗೆದು ಆ ಸಾಲಿನ ಮೇಲೆ ಅಡ್ಡ ಕಟ್ಟತೊಡಗಿದರು. ಒಬ್ಬರ ಕೈಯಲ್ಲಿ ಗಂಟು ಬೀಳುತ್ತಿರಲಿಲ್ಲ. ಇನ್ನೊಂದು ತುದಿಯನ್ನು ನಾನು ಹಿಡಿದೆ. ಹಿಡಿದಂತೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಉಕ್ಕಿತು. "ನಂಬಿದ್ರಾ ನೀವು? ನಂಬಿದ್ರೆ ಅವರಿದ್ದಾಗ ಒಂದು ಮಾತು ಹೇಳಬಾರದಿತ್ತಾ? ಏಳು ತಿಂಗಳು ದಿನಾ ನನ್ನ ಕೇಳ್ತಿದ್ರು!"

ಅವರು ಗಂಟು ಬಿಗಿಯುತ್ತಲೇ ಇದ್ದರು. "ಸಂಕ್ರಾಂತಿಗೆ ಎಳ್ಳುಬೆಲ್ಲ ತಗೊಂಡು ಹೋಗಿ ಹೇಳೋಣ ಅಂತಿದ್ದೆ ಕಣಮ್ಮ" ಎಂದರು. "ಸುಮ್ಮನೆ ಹೋಗೋಕೆ ಒಂಥರಾ ಆಗ್ತಿತ್ತು."

ಏನು ಹೇಳಬೇಕು ಇಂಥವರಿಗೆ? ಒಳಗೆ ಹೋದೆ. ಹಾಲ್‌ನಲ್ಲಿ ಸೋಫಾ ಸರಿಸಿ ಓನರ್ರನ್ನು ಮಲಗಿಸಿದ್ದರು. ತಲೆಯ ಹತ್ತಿರ ಆಂಟಿ ಕೂತಿದ್ದರು. ಪಕ್ಕದಲ್ಲಿ ಮಂಡಿಯೂರಿ, ಯಾರು ಏನಾದರೂ ಅಂದುಕೊಳ್ಳಲಿ ಎಂದು, ಅವರ ಕಿವಿಯ ಹತ್ತಿರ ಬಾಯಿ ಒಯ್ದೆ.

"ನಂಬಿದಾರಂತೆ ಅಂಕಲ್."

ಆಂಟಿ ನನ್ನನ್ನು ನೋಡಿದರು. "ಅಷ್ಟು ಮೆಲ್ಲಗೆ ಹೇಳಿದ್ರೆ ಅವರಿಗೆ ಕೇಳಿಸಲ್ಲ ಕಣಮ್ಮ" ಎಂದರು. "ಸ್ವಲ್ಪ ಜೋರಾಗಿ ಹೇಳು."

ಜೋರಾಗಿ ಹೇಳಿದೆ.